ಮಿಂಚುಳ್ಳಿ ಯಾಕೆ ಚಿಕ್ಕದಾಯ್ತು?

ಹೋದ ವರ್ಷ ಬೋನಸ್ ಬಂದ ವಾರವೇ ಫುಲ್ ಫ್ರೇಮ್ ಕ್ಯಾಮೆರಾ ತಗೊಂಡೆ. ಬೋನಸ್ ಸಾಲಲಿಲ್ಲ, ಹಳೆಯ ಕ್ಯಾಮೆರಾ ಮಾರಿದೆ. ಉಳಿದದ್ದಕ್ಕೆ ಇಎಂಐ. ಆ ಹಳೆಯದು ನಾನು ಇಂಜಿನಿಯರಿಂಗ್ ಮುಗಿಸಿದಾಗ ಅಪ್ಪ ಕೊಡಿಸಿದ್ದು. ಮಾರಿದ ವಿಷಯ ಹೇಳಿದಾಗ ಅವರು, "ಹೌದಾ, ಆಯ್ತು ಬಿಡು" ಅಂದು ಪೇಪರ್ ಮಡಚಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಹಳೆಯದು ಎಪಿಎಸ್-ಸಿ, ಸೆನ್ಸರ್ ಅಳತೆ ಸುಮಾರು 23.5 x 15.6 ಮಿ.ಮೀ. ಹೊಸದು 36 x 24. ಎರಡರಲ್ಲೂ 24 ಮೆಗಾಪಿಕ್ಸೆಲ್. ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ಹೆಚ್ಚು, ಅಂದ್ಮೇಲೆ ಫೋಟೊನೂ ಅಷ್ಟೇ ಚೆನ್ನಾಗಿರಬೇಕಲ್ವಾ? ಯೂಟ್ಯೂಬ್ ನೋಡಿ ನೋಡಿ ಹಾಗೇ ನಂಬಿದ್ದೆ.

ಡಿಸೆಂಬರ್‌ನಲ್ಲಿ ಅಪ್ಪನ ಜೊತೆ ರಂಗನತಿಟ್ಟಿಗೆ ಹೋದೆ. ಲೆನ್ಸ್ ಮಾತ್ರ ಹಳೆಯದೇ, 70-300. ಕಾವೇರಿಗೆ ಬಾಗಿದ ಒಂದು ಕೊಂಬೆ ಮೇಲೆ ಮಿಂಚುಳ್ಳಿ ಕೂತಿತ್ತು. ದೋಣಿಯವರು ಹುಟ್ಟು ಹಾಕೋದು ನಿಲ್ಲಿಸಿ ಸುಮ್ಮನಾದರು. ನಾನು ಮೂವತ್ತು ನಲವತ್ತು ಫೋಟೊ ಹೊಡೆದೆ.

ಸಂಜೆ ಲ್ಯಾಪ್‌ಟಾಪ್‌ನಲ್ಲಿ ನೋಡ್ತಾ ಇದ್ವಿ. ಅಪ್ಪ ಕನ್ನಡಕ ಸರಿಮಾಡಿಕೊಂಡು, ತಮ್ಮ ಫೋನ್ ತೆಗೆದು, ಮೂರು ವರ್ಷದ ಹಿಂದೆ ಅಲ್ಲೇ ನಾನು ತೆಗೆದಿದ್ದ ಮಿಂಚುಳ್ಳಿ ಫೋಟೊ ಪಕ್ಕಕ್ಕಿಟ್ಟರು. "ಅದೇ ಲೆನ್ಸ್ ತಾನೇ? ಹಕ್ಕಿ ಯಾಕೋ ಚಿಕ್ಕದಾಗಿದೆ?"

ಉತ್ತರ ಗೊತ್ತಿತ್ತು. ಹೇಳೋಕೆ ನಾಚಿಕೆ.

ಲೆನ್ಸ್ ಒಂದು ಪ್ರೊಜೆಕ್ಟರ್ ಇದ್ದ ಹಾಗೆ. ಸೆನ್ಸರ್ ಅಂದ್ರೆ ಪರದೆ. ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ಇದ್ದಲ್ಲೇ ಇದ್ದು ಪರದೆ ಮಾತ್ರ ದೊಡ್ಡದು ಕಟ್ಟಿದರೆ ಅಣ್ಣಾವ್ರು ದೊಡ್ಡದಾಗಿ ಕಾಣಲ್ಲ, ಸುತ್ತ ಬಟ್ಟೆ ಜಾಸ್ತಿ ಆಗುತ್ತೆ ಅಷ್ಟೇ. ಹದಿನೇಳು ಸೆಂಟಿಮೀಟರ್ ಉದ್ದದ ಮಿಂಚುಳ್ಳಿ ಹದಿನೈದು ಮೀಟರ್ ದೂರದಲ್ಲಿದ್ದರೆ, 300 ಮಿ.ಮೀ. ಲೆನ್ಸ್ ಅದನ್ನು ಸುಮಾರು 3.4 ಮಿ.ಮೀ. ಉದ್ದಕ್ಕೆ ಮೂಡಿಸುತ್ತೆ. ಹಿಂದೆ ಯಾವ ಸೆನ್ಸರ್ ಇದ್ದರೂ ಅಷ್ಟೇ. ಹಳೆಯ ಕ್ಯಾಮೆರಾದಲ್ಲಿ ಆ 3.4 ಮಿ.ಮೀ.ಗೆ ಸುಮಾರು 870 ಪಿಕ್ಸೆಲ್ ಸಿಗ್ತಿತ್ತು, ಹೊಸದರಲ್ಲಿ 570 ಚಿಲ್ಲರೆ. ಕತ್ತರಿಸಿ ದೊಡ್ಡದು ಮಾಡೋಣ ಅಂದ್ರೆ 24 ಮೆಗಾಪಿಕ್ಸೆಲ್ ಕ್ಯಾಮೆರಾ ಹತ್ತಕ್ಕೆ ಇಳಿಯುತ್ತೆ.

ಬೆಳಕಾದರೂ ಜಾಸ್ತಿ ಸಿಕ್ಕಿತಾ? ಅದೂ ಇಲ್ಲ. ಲೆನ್ಸ್ ಅದೇ, ಅಪರ್ಚರ್ ಅದೇ, ಹಕ್ಕಿ ಮೇಲಿನ ಬೆಳಕೂ ಅದೇ. ದೊಡ್ಡ ಸೆನ್ಸರ್ ಹೆಚ್ಚಿಗೆ ಹಿಡಿದ ಬೆಳಕೆಲ್ಲ ಸುತ್ತಲಿನ ನೀರು ಮತ್ತು ಎಲೆಗಳದ್ದು. ಫ್ರೇಮ್ ತುಂಬಿಸೋಕೆ ಆದರೆ ಮಾತ್ರ ಫುಲ್ ಫ್ರೇಮ್ ರಾಜ. ಬಂಡೆ ಮೇಲೆ ಮಲಗಿದ್ದ ಮೊಸಳೆ ಹತ್ತಿರ ಸಿಕ್ಕಿತ್ತು, ಆ ಫೋಟೊ ನೋಡಿದರೆ ಈಗಲೂ ಖುಷಿ. ಮಿಂಚುಳ್ಳಿಯನ್ನು ಮೊದಲಿನಷ್ಟೇ ದೊಡ್ಡದು ಮಾಡಬೇಕಂದ್ರೆ 450 ಮಿ.ಮೀ. ಬೇಕು. ಅಷ್ಟು ಉದ್ದದ ಒಳ್ಳೆ ಲೆನ್ಸ್ ಬೆಲೆ ಹೆಂಡತಿಗೆ ಇನ್ನೂ ಹೇಳಿಲ್ಲ.

ಮ್ಯಾಕ್ರೋದಲ್ಲಿ ಕಥೆ ಸ್ವಲ್ಪ ಬೇರೆ. ಮೈಸೂರಿನ ಮನೆ ಹಿತ್ತಲಲ್ಲಿ ಅಪ್ಪನ ಕರಿಬೇವಿನ ಗಿಡ ಇದೆ, ಅದರಲ್ಲಿ ನೆಗೆಯುವ ಜೇಡಗಳು ಇವೆ. ಒಂದಕ್ಕೊಂದು ಅಳತೆಯಲ್ಲಿ, ಅಂದ್ರೆ ಜೇಡ ಎಷ್ಟಿದೆಯೋ ಸೆನ್ಸರ್ ಮೇಲೂ ಅಷ್ಟೇ ಮೂಡೋ ಹಾಗೆ ತೆಗೆದರೆ, ಎಫ್/8ರಲ್ಲಿ ಫುಲ್ ಫ್ರೇಮ್‌ಗೆ ಸ್ಪಷ್ಟವಾಗಿ ಕಾಣೋ ಆಳ ಸುಮಾರು ಒಂದು ಮಿಲಿಮೀಟರ್. ಕಣ್ಣು ಸ್ಪಷ್ಟ ಬಂದರೆ ಹಿಂಗಾಲು ಮಂಜು. ಅದೇ ಚೌಕಟ್ಟನ್ನು ಎಪಿಎಸ್-ಸಿಯಲ್ಲಿ ತುಂಬಿಸೋಕೆ ಅಷ್ಟು ಹತ್ತಿರ ಹೋಗಬೇಕಿಲ್ಲ, ಕಾಲು ಮಿಲಿಮೀಟರ್ ಹೆಚ್ಚು ಆಳ ಸಿಗುತ್ತೆ. ನಗಬೇಡಿ, ಜೇಡಕ್ಕೆ ಅದು ದೊಡ್ಡದೇ. ಫುಲ್ ಫ್ರೇಮ್‌ನಲ್ಲಿ ಎಫ್/11ಕ್ಕೆ ಹೋದರೂ ಅಷ್ಟೇ ಆಳ ಬರುತ್ತೆ, ಆದರೆ ಬೆಳಕು ಅರ್ಧ. ಐಎಸ್‌ಒ ಏರಿಸಬೇಕು. ದೊಡ್ಡ ಸೆನ್ಸರ್‌ನಿಂದ ಬಂದ ಲಾಭ ಬಹುಪಾಲು ಅಲ್ಲೇ ಖರ್ಚು. ನನ್ನ ಹೆಂಡತಿ ಫೋನ್‌ನಲ್ಲೇ ತೆಗೆದ ಜೇಡದ ಎಂಟೂ ಕಾಲು ಸ್ಪಷ್ಟ ಇದ್ದವು, ಫೋನ್ ಸೆನ್ಸರ್ ಅಷ್ಟು ಪುಟ್ಟದು. ಹಿಂದಿನ ಬಕೆಟ್ಟೂ ಸ್ಪಷ್ಟ ಇತ್ತು, ಅದು ಬೇರೆ ಮಾತು.

ಇದನ್ನೆಲ್ಲ ಅಪ್ಪನಿಗೆ ಪೇಪರ್ ಮೇಲೆ ಎರಡು ಚೌಕ ಬರೆದು ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಹಕ್ಕಿಗೆ ಹಳೇದೇ ಚೆನ್ನಾಗಿತ್ತು" ಅಂದರು. "ಹೂಂ" ಅಂದೆ. "ಯಾರಿಗೆ ಕೊಟ್ಟೆ ಅದನ್ನ?"

ಆ ರಾತ್ರಿ ಕೊಂಡ ಹುಡುಗನಿಗೆ ವಾಟ್ಸ್ಯಾಪ್ ಮಾಡಿದೆ, ವಾಪಸ್ ಕೊಡ್ತೀಯಾ ಅಂತ. ಕಾಲೇಜು ಹುಡುಗ. ಬೆಳಿಗ್ಗೆ ಉತ್ತರ ಬಂತು: "ಸಾರಿ ಅಣ್ಣ, ಕೊಡಲ್ಲ." ಕೆಳಗೆ ಒಂದು ಫೋಟೊ, ತಂತಿ ಮೇಲೆ ಕೂತ ಮಿಂಚುಳ್ಳಿ, ಕೊಕ್ಕಲ್ಲಿ ಮೀನು. ಅಪ್ಪನಿಗೆ ಕಳಿಸಿದೆ. ಈಗ ಅವರ ಫೋನ್ ವಾಲ್‌ಪೇಪರ್ ಅದೇ.

ನಾನು ಸೆಕೆಂಡ್ ಹ್ಯಾಂಡ್ ಎಪಿಎಸ್-ಸಿ ಬಾಡಿ ಹುಡುಕ್ತಾ ಇದ್ದೀನಿ. ಇಎಂಐ ಇನ್ನೂ ನಾಲ್ಕು ತಿಂಗಳು ಇದೆ.