ಬಡಿಗೇರ ಮತ್ತು ಸುತಾರ

ಕನ್ನಡದಲ್ಲಿ ‘ವ್ಯವಸಾಯ’ವೆಂದರೆ ಬೇಸಾಯ. ಮರಾಠಿಯಲ್ಲಿ ಅದೇ ಪದಕ್ಕೆ ಉದ್ಯೋಗ, ಕಸುಬು ಎಂಬ ಅರ್ಥ. ಮಹಾರಾಷ್ಟ್ರದಲ್ಲಿ ಐ.ಟಿ.ಐ.ಗಳನ್ನು ನೋಡಿಕೊಳ್ಳುವ ಇಲಾಖೆಯ ಹೆಸರಿನಲ್ಲಿಯೇ ‘ವ್ಯವಸಾಯ ಶಿಕ್ಷಣ’ವಿದೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿಯೂ ಅನಂತರ ಮರಾಠಿ ಪ್ರೌಢಶಾಲೆಯಲ್ಲಿಯೂ ಓದಿದ ನನಗೆ ಇಂತಹ ಪದಗಳನ್ನು ತರಗತಿಯಲ್ಲಿ ಬಿಡಿಸಿ ಹೇಳುವುದು ಪ್ರಿಯವಾದ ಕೆಲಸ. ಆದರೆ ಒಂದು ಪದಜೋಡಿಯ ಮುಂದೆ ನಾನು ಇಂದಿಗೂ ತಲೆ ತಗ್ಗಿಸುತ್ತೇನೆ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಅಕ್ಕಲಕೋಟೆ ತಾಲ್ಲೂಕಿನ ನಮ್ಮೂರಿನ ಬಡಗಿಯ ಮಗ ಐ.ಟಿ.ಐ.ಯಲ್ಲಿ ಎರಡು ವರ್ಷದ ಫಿಟ್ಟರ್ ಶಿಕ್ಷಣ ಮುಗಿಸಿ, ತನ್ನ ತಂಡಕ್ಕೇ ಮೊದಲಿಗನಾಗಿದ್ದ. ಕಬ್ಬಿಣದ ತುಂಡೊಂದನ್ನು ಅರದಿಂದ ಉಜ್ಜಿ, ಇನ್ನೊಂದರೊಳಗೆ ಬೆಳಕೂ ನುಸುಳದಂತೆ ಕೂಡಿಸಬಲ್ಲ ಕೈ ಅವನದು. ಹಾಗೆ ತೇರ್ಗಡೆಯಾದವರಿಗೆ ಪಾಲಿಟೆಕ್ನಿಕ್ಕಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವುಂಟು. ಸರ್ಕಾರದ ಶಿಷ್ಯವೃತ್ತಿ ದೊರೆತರೆ ಮಾತ್ರ ಅವನು ಓದಬಲ್ಲವನಾಗಿದ್ದ.

ಒಂದು ಮಧ್ಯಾಹ್ನ ಅವನು ಕಾಗದಗಳ ಕಟ್ಟಿನೊಂದಿಗೆ ನಮ್ಮ ವಿಭಾಗಕ್ಕೆ ಬಂದ. ಕನ್ನಡ ಶಾಲೆಯ ದಾಖಲೆಯಲ್ಲಿ ಅವನ ಅಡ್ಡಹೆಸರು ‘ಬಡಿಗೇರ’ ಎಂದಿತ್ತು. ತಂದೆಯ ಹೊಲದ ಉತಾರದಲ್ಲಿಯೂ ಉತ್ಪನ್ನದ ದಾಖಲೆಯಲ್ಲಿಯೂ ಅದು ‘ಸುತಾರ’ ಎಂದಿತ್ತು. ಹೆಸರು ಕೂಡುವುದಿಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿದ್ದರು.

“ಸರ್, ಎರಡೂ ನಮ್ಮ ಹೆಸರೇ ಅದಾವಲ್ರಿ,” ಎಂದ.

ಹೌದು, ಎರಡೂ ಒಂದೇ. ಬಡಿಗೇರನೆಂದರೂ ಬಡಗಿ, ಸುತಾರನೆಂದರೂ ಬಡಗಿ. ಒಂದನ್ನು ಕನ್ನಡ ಮಾಸ್ತರರು ಬರೆದಿದ್ದರು, ಇನ್ನೊಂದನ್ನು ಮರಾಠಿ ತಲಾಠಿಗಳು. ಇಬ್ಬರೂ ತಪ್ಪು ಬರೆದಿರಲಿಲ್ಲ. ಎರಡೂ ಭಾಷೆ ಬಲ್ಲ ನಾನು ಅವನೊಡನೆ ಕಚೇರಿಗೆ ನಡೆದು, ಒಂದು ಪ್ರತಿಜ್ಞಾಪತ್ರ ಮಾಡಿಸಿ, ಅಲ್ಲಿಯ ಗುಮಾಸ್ತರಿಗೆ ತಿಳಿಸಿ ಹೇಳಬಹುದಾಗಿತ್ತು. ಆ ದಿನ ನನ್ನ ಮೇಜಿನ ಮೇಲೆ ಒಂದು ವಿಚಾರಸಂಕಿರಣದ ಪ್ರಬಂಧವಿತ್ತು. ಅದರ ವಿಷಯ ಗಡಿನಾಡಿನ ದ್ವಿಭಾಷಿಕತೆ. “ತಮ್ಮಾ, ಇದು ಕನ್ನಡ ವಿಭಾಗದ ಕೆಲಸವಲ್ಲ. ಕಚೇರಿಯಲ್ಲಿಯೇ ವಿಚಾರಿಸು,” ಎಂದು ಕಳುಹಿಸಿಬಿಟ್ಟೆ. ಅವನು ನಮಸ್ಕರಿಸಿ ಹೋದ. ಕೊನೆಯ ದಿನಾಂಕ ಕಳೆಯಿತು.

1882ರಲ್ಲಿ ಹಂಟರ್ ಆಯೋಗಕ್ಕೆ ಸಲ್ಲಿಸಿದ ನಿವೇದನೆಯಲ್ಲಿ ಮಹಾತ್ಮ ಜ್ಯೋತಿಬಾ ಫುಲೆಯವರು ಶಿಷ್ಯವೃತ್ತಿಯ ವಿಷಯವನ್ನು ಎತ್ತಿದ್ದರು. ಸ್ಪರ್ಧೆಯಿಂದ ಅದನ್ನು ಹಂಚುವುದು ಮೇಲ್ನೋಟಕ್ಕೆ ನ್ಯಾಯವೆನಿಸಿದರೂ, ವಿದ್ಯೆ ಇನ್ನೂ ಮುಟ್ಟದ ವರ್ಗಗಳಲ್ಲಿ ಅದು ವಿದ್ಯೆಯನ್ನು ಹರಡುವುದಿಲ್ಲವೆಂಬುದು ಅವರ ಆಕ್ಷೇಪವಾಗಿತ್ತು. ನಮ್ಮ ಹುಡುಗ ಸ್ಪರ್ಧೆಯನ್ನು ಗೆದ್ದಿದ್ದ. ಸೋತದ್ದು ಕಾಗದದ ಮುಂದೆ. ಪ್ರತಿಭೆಗೆ ಪುರಸ್ಕಾರವೆಂದು ಸರ್ಕಾರ ಹಣ ತೆಗೆದಿಟ್ಟರೆ ಸಾಲದು. ಪ್ರತಿಭೆಯಿಂದ ಆ ಹಣದವರೆಗಿನ ದಾರಿಯನ್ನು ಯಾರಾದರೂ ಜೊತೆಗೂಡಿ ನಡೆಯಬೇಕಾಗುತ್ತದೆ.

ಇಂದು ಅರ್ಜಿಗಳೆಲ್ಲ ಮಹಾಡಿಬಿಟಿ ಜಾಲತಾಣಕ್ಕೆ ಬಂದಿವೆ. ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಶಿಷ್ಯವೃತ್ತಿಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ ರೂಪಾಯಿ. ಕೊಲ್ಲಾಪುರದಲ್ಲಿ ಬಡ ಮಕ್ಕಳಿಗೆ ವಸತಿಗೃಹಗಳನ್ನು ತೆರೆಸಿ, 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದ ದೊರೆಯ ಹೆಸರು ಅದಕ್ಕೆ ಒಪ್ಪುತ್ತದೆ. ಆದರೆ ಗುಮಾಸ್ತರಿಗಾದರೂ ತಿಳಿಸಿ ಹೇಳಬಹುದಿತ್ತು. ಯಂತ್ರಕ್ಕೆ ಬಡಿಗೇರನೇ ಸುತಾರನೆಂದು ಹೇಳುವ ಬಗೆಯಿಲ್ಲ. ದಾಖಲೆಗಳನ್ನು ಮೊದಲೇ ಸರಿಪಡಿಸಿಕೊಳ್ಳಬೇಕು.

ಕಳೆದ ಬೇಸಿಗೆಯಲ್ಲಿ ಊರ ಜಾತ್ರೆಯಲ್ಲಿ ಅವನು ಸಿಕ್ಕಿದ. ಪುಣೆಯ ಕಾರ್ಖಾನೆಯೊಂದರಲ್ಲಿದ್ದಾನೆ. ಡಿಪ್ಲೊಮಾ ಮುಗಿಸಿ ಬರುವ ಹುಡುಗರಿಗೆ ಕೆಲಸ ಕಲಿಸುವವನು ಅವನೇ. ಕಲಿತ ಮೇಲೆ ಅವರು ಅವನಿಗೆ ಮೇಲಧಿಕಾರಿಗಳಾಗುತ್ತಾರೆ. ಇದನ್ನು ಅವನು ನಗುತ್ತಲೇ ಹೇಳಿದ. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ, “ಸರ್, ನನ್ನ ಮಗಳ ಸಾಲಿ ದಾಖಲೆಯೊಳಗ ಯಾವ ಹೆಸರು ಬರಸ್ಲಿರಿ?” ಎಂದು ಕೇಳಿದ.

ಈ ಬಾರಿ ನಾನು ಅವನೊಡನೆ ಶಾಲೆಗೆ ಹೋದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹೆಚ್ಚಿನವರು ಎರಡು ಭಾಷೆ ಓದಬಲ್ಲವರು. ಪ್ರವೇಶದ ತಿಂಗಳುಗಳಲ್ಲಿ ಶನಿವಾರ ಮಧ್ಯಾಹ್ನ ವಿಭಾಗದ ಮೇಜು ತೆರವಾಗಿರುತ್ತದೆ. ನಿಮ್ಮ ಓಣಿಯ ಐ.ಟಿ.ಐ. ಹುಡುಗನನ್ನೋ ಹುಡುಗಿಯನ್ನೋ ಕಾಗದಗಳ ಸಮೇತ ಕರೆತನ್ನಿ. ಅದು ಕನ್ನಡ ವಿಭಾಗದ ಕೆಲಸವೇ.