ಹ್ಯಾಂಡಲ್ ಕೊಡದ ಉಸ್ತಾದರು

ನಮ್ಮ ಕಡೆಯ ಕೊಹಿನೂರಿನ ರಸ್ತೆ ಬದಿಯಲ್ಲಿ ಉಸ್ತಾದರು ಜನರೇಟರ್ ಜೋಡಿಸುತ್ತಿದ್ದ ತಗಡಿನ ಶೆಡ್ಡನ್ನು ಈ ಬೇಸಿಗೆಯಲ್ಲಿ ಕೆಡವಿದರು. ಅವರು ತೀರಿಕೊಂಡು ವರ್ಷಗಳೇ ಆದವು. ಮಕ್ಕಳು ಹೈದರಾಬಾದಿನಲ್ಲಿದ್ದಾರೆ, ಜಾಗ ಮಾರಿದರು, ಅದರಲ್ಲಿ ತಪ್ಪೇನಿಲ್ಲ. ಒಳಗೆ ಉಳಿದಿದ್ದ ಇಂಜಿನ್ನುಗಳು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋದವು. ಬೀಡು ಕಬ್ಬಿಣಕ್ಕೆ ಒಂದು ದರ, ತಾಮ್ರಕ್ಕೆ ಒಂದು ದರ ಅಂತ ಆಲ್ಟರ್ನೇಟರುಗಳ ಹೊಟ್ಟೆ ಬಗೆದು ತಂತಿ ಕಿತ್ತುಕೊಂಡರು.

ನಮ್ಮ ಕಡೆ ಹೊಸ ಜನರೇಟರ್ ಕೊಂಡವರನ್ನು ನಾನಂತೂ ಕಾಣೆ. ಟೆಲಿಫೋನ್ ಎಕ್ಸ್‌ಚೇಂಜಿನವರು, ಬ್ಯಾಂಕಿನವರು, ಟಾಕೀಜಿನವರು ಹರಾಜಿಗೆ ಹಾಕಿದ್ದು, ಆಮೇಲಾಮೇಲೆ ಮೊಬೈಲ್ ಟವರಿನಿಂದ ಇಳಿಸಿದ್ದು ಸಿಕಂದರಾಬಾದಿನ ರಾಣಿಗಂಜಿಗೆ ಬೀಳುತ್ತಿತ್ತು. ಅಲ್ಲಿಂದ ಲಾರಿಯ ಮೇಲೆ ಹುಮನಾಬಾದಿಗೆ, ಹುಮನಾಬಾದಿನಿಂದ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನಮ್ಮೂರಿಗೆ. ಹೆಚ್ಚಿನವು ಕಿರ್ಲೋಸ್ಕರ್. ಆ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿ ಶುರುವಾಯಿತು, ಅದೇ ವರ್ಷ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಂಪನಿ. ಪುಣೆಯ ಇಂಜಿನ್ನು, ಬೆಂಗಳೂರಿನ ಆಲ್ಟರ್ನೇಟರು, ಎರಡನ್ನೂ ಒಂದೇ ಕಬ್ಬಿಣದ ಚಾನಲ್ ಮೇಲೆ ಕೂರಿಸಿ ಬೋಲ್ಟು ಬಿಗಿಯುವವರು ಕೊಹಿನೂರಿನ ಉಸ್ತಾದರು.

ಅವರ ಹತ್ತಿರ ಮೀಟರು ಅಂತ ಇದ್ದದ್ದು ಒಂದೇ, ಅದರ ಮುಳ್ಳೂ ಸೊಟ್ಟ. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಬೇಕು, ಆಗಲೇ ಕರೆಂಟು 50 ಹರ್ಟ್ಸ್‌ಗೆ ನಿಲ್ಲುವುದು. ಕಡಿಮೆಯಾದರೆ ಫ್ಯಾನು ನರಳುತ್ತದೆ, ಮೋಟಾರು ಸುಡುತ್ತದೆ. ಅದನ್ನು ಉಸ್ತಾದರು ನೋಡುತ್ತಿದ್ದ ರೀತಿ ಹೀಗೆ: ಫ್ಲೈವೀಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಬಾಗಿಲು ಮುಂದೆ ಮಾಡಿ, ಲೈನಿನ ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟ್ ಒಂದನ್ನೇ ಹಚ್ಚುತ್ತಿದ್ದರು. ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ತಿಳಿಯುವುದಿಲ್ಲ ಅಷ್ಟೆ. ಇಂಜಿನ್ ಸರಿಯಾಗಿ 1500ಕ್ಕೆ ಬಂದ ಕೂಡಲೇ ಆ ಒಂದು ಗೆರೆ ನಾಲ್ಕಾಗಿ, ಗಿರ್ರೆಂದು ತಿರುಗುವ ಚಕ್ರದ ಮೇಲೆ ಅಲುಗದೆ ನಿಂತುಬಿಡುತ್ತಿತ್ತು. ಗೆರೆಗಳು ಮುಂದೆ ಸರಿದರೆ ವೇಗ ಜಾಸ್ತಿ, ಹಿಂದೆ ಸರಿದರೆ ಕಮ್ಮಿ. ಗವರ್ನರಿನ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ, ಗೆರೆ ತುಸುವೇ ಮುಂದೆ ತೆವಳುವ ಹಾಗೆ ಬಿಡುತ್ತಿದ್ದರು. "ಲೋಡ್ ಬಿತ್ತಂದ್ರ ತಾನೇ ಕುಂದರ್ತದ" ಅನ್ನುತ್ತಿದ್ದರು. ಕರೆಂಟು ಹೋದಾಗ ಬೇಕಾಗುವ ಯಂತ್ರವನ್ನು ಕರೆಂಟು ಇದ್ದಾಗಲೇ ಹದಕ್ಕೆ ತರಬೇಕಾಗಿತ್ತು ಎಂಬುದಕ್ಕೆ ಅವರೇ ನಗುತ್ತಿದ್ದರು.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದ ಆಲ್ಟರ್ನೇಟರಿಗೆ ತನ್ನೊಳಗಿನ ಅಯಸ್ಕಾಂತ ಗುಣವೇ ಆರಿಹೋಗಿರುತ್ತದೆ. ಇಂಜಿನ್ ಎಷ್ಟು ಓಡಿದರೂ ಬಲ್ಬು ಹತ್ತುವುದಿಲ್ಲ. ಕೊಂಡವನು ಮೋಸವಾಯಿತೆಂದು ಬಾಯಿ ಬಾಯಿ ಬಡಿದುಕೊಂಡರೆ ಉಸ್ತಾದರು ಟ್ರ್ಯಾಕ್ಟರಿನ ಬ್ಯಾಟರಿ ತರಿಸಿ, ಎರಡು ತಂತಿಯನ್ನು ಫೀಲ್ಡಿನ ತುದಿಗೆ ಕ್ಷಣ ಮುಟ್ಟಿಸಿ ತೆಗೆಯುತ್ತಿದ್ದರು. ಬಲ್ಬು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಗುತ್ತಿತ್ತು. ಇದಕ್ಕೆ ಅವರು ರೊಕ್ಕ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಒಂದು ವ್ಯಾಪಾರ ಮಾತ್ರ ಮರೆಯುವಂತಿಲ್ಲ. ಸಾಹುಕಾರರೊಬ್ಬರು ಮನೆಗೆ ಅಂತ ಐದು ಅಶ್ವಶಕ್ತಿಯ ಸೆಟ್ಟು ಕುದುರಿಸಿದ್ದರು. ದರ ಮುಗಿಯಿತು, ಟ್ರಾಲಿಗೆ ಏರಿಸಿದ್ದೂ ಆಯಿತು. ಊರ ಲೈನು, ಜನರೇಟರು ಎರಡೂ ಕೂಡದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ಚಿನ ಮಾತು ಬಂದದ್ದೇ ಸಾಹುಕಾರರು ಸಿಡುಕಿದರು: "ಇಷ್ಟ್ ರೊಕ್ಕ ಕೊಟ್ಟು ಮತ್ತ ಸ್ವಿಚ್ಚಿಗೊಂದು ರೊಕ್ಕ ಏನು ಉಸ್ತಾದ?"

"ಸಾವ್ಕಾರ್ರೆ, ಲೈನ್‌ಮನ್ ಲೈನ್ ತೆಗೆದು ಕಂಬ ಹತ್ತಿರ್ತಾನ. ನೀವು ಇಲ್ಲಿ ಮಷೀನ್ ಚಾಲೂ ಮಾಡ್ತೀರಿ. ನಿಮ್ಮ ಕರೆಂಟ್ ಉಲ್ಟಾ ಟ್ರಾನ್ಸ್‌ಫಾರ್ಮರಿಗಿ ಹೊಕ್ಕು ಹನ್ನೊಂದು ಸಾವಿರ ಆಗಿ ಅವನಿಗಿ ಹೊಡೀತದ. ಅವನಿಗೂ ಹೆಂಡ್ತಿ ಮಕ್ಕಳು ಅವ."

ಅಷ್ಟು ಹೇಳಿ ಟ್ರಾಲಿ ಹತ್ತಿ, ಇಂಜಿನ್ ಚಾಲೂ ಮಾಡುವ ಹ್ಯಾಂಡಲ್ ಕಿತ್ತುಕೊಂಡು ಶೆಡ್ಡಿನೊಳಗೆ ಹೋದರು. ಹುಮನಾಬಾದಿನಿಂದ ಬೇರೆ ಹ್ಯಾಂಡಲ್ ತರಿಸುತ್ತೇನೆಂದು ಸಾಹುಕಾರರು ಕೂಗಿದರೆ ಒಳಗಿಂದಲೇ ಉತ್ತರ ಬಂತು: "ತರಸ್ರಿ. ಕೆಟ್ಟಾಗೂ ಅಲ್ಲಿಗೇ ಒಯ್ರಿ." ಸಾಹುಕಾರರ ಮಗಳ ಮದುವೆ ಹತ್ತಿರ ಬಂದಿತ್ತು. ಸ್ವಿಚ್ಚು ಬಂತು.

ಇಷ್ಟೇ ಹೇಳಿ ನಿಲ್ಲಿಸಿದರೆ ಉಸ್ತಾದರು ದೇವರಾಗಿಬಿಡುತ್ತಾರೆ. ಆ ಶೆಡ್ಡಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಕರಕಲು ಆಯಿಲ್ಲು, ಕಾದ ರಬ್ಬರು, ಅದರ ಮೇಲೆ ಕಣ್ಣಿಗೆ ಖಾರದಂತೆ ಹತ್ತುವ ಚಿಮಣಿ ಎಣ್ಣಿಯ, ಅಂದರೆ ಸೀಮೆಎಣ್ಣೆಯ ಹೊಗೆ. ರೇಷನ್ ಎಣ್ಣೆಗೆ ನೀಲಿ ಬಣ್ಣ ಹಾಕುತ್ತಿದ್ದುದೇ ಅದು ಬಡವರ ದೀಪ ಬಿಟ್ಟು ಬೇರೆಡೆ ಹೋಗಬಾರದು ಎಂದು. ಹೋಗುತ್ತಿತ್ತು. ಡೀಸೆಲ್ಲಿಗೆ ಬೆರೆತು ಸಾಹುಕಾರರ ವಾಡೆಗಳ ಜನರೇಟರ್ ಟ್ಯಾಂಕು ಸೇರುತ್ತಿತ್ತು. ಚಿಮಣಿ ಎಣ್ಣಿಗೆ ಜಿಡ್ಡಿಲ್ಲ, ಪಂಪಿನ ಪ್ಲಂಜರ್ ಗೀಚಿಹೋಗುತ್ತದೆ, ಬಿಸಿಯಾದ ಇಂಜಿನ್ ಮತ್ತೆ ಚಾಲೂ ಆಗುವುದಿಲ್ಲ. ಹೊಗೆ ಮೂಸಿಯೇ ಉಸ್ತಾದರಿಗೆ ಗೊತ್ತಾಗುತ್ತಿತ್ತು. ಪಂಪ್ ರಿಪೇರಿಗೆ ದುಪ್ಪಟ್ಟು ಎಣಿಸಿಕೊಳ್ಳುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಕಂಬದ ಮೇಲಿನ ಲೈನ್‌ಮನ್‌ಗೆ ಮರುಗಿದವರು, ಓಣಿಯ ಕತ್ತಲಲ್ಲಿ ಕೂತವರ ಬಗ್ಗೆ ಸುಮ್ಮನಿದ್ದರು. ವಾಡೆಯ ಬೆಳಕು ವಾಡೆಯೊಳಗೆ, ಅದರ ಸದ್ದು ಹೊಗೆ ಮಾತ್ರ ಊರಿಗೆಲ್ಲ.

ಆಮೇಲೆ ಟವರಿನ ಹದಿನೈದು ಕೆವಿಎ ಸೆಟ್ಟುಗಳು ಅಗ್ಗಕ್ಕೆ ಬಂದವು. ನಾಲ್ಕು ಬಲ್ಬು, ಎರಡು ಫ್ಯಾನಿಗೆ ಅಂಥ ಇಂಜಿನ್! ಲೋಡಿಲ್ಲದೆ ಅದು ಕಾಯುವುದೇ ಇಲ್ಲ. ಉರಿಯದ ಡೀಸೆಲ್ಲು ಆಯಿಲ್ಲಿಗೆ ಕೂಡಿ ಸೈಲೆನ್ಸರಿನಿಂದ ಕಪ್ಪಗೆ ತೊಟ್ಟಿಕ್ಕುತ್ತದೆ. "ವಾರಕ್ಕೊಮ್ಮೆ ಗಿರಣಿಗಿ ಹಚ್ಚಿ ಮೈ ಬೆವರಿಸ್ರಿ" ಅಂದರು ಉಸ್ತಾದರು. ಯಾರೂ ಕೇಳಲಿಲ್ಲ.

1999ರಲ್ಲಿ ಕೆಇಬಿ ಹೋಗಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಜೆಸ್ಕಾಂ ಬಂತು. ಬೋರ್ಡು ಬದಲಾದಷ್ಟು ಬೇಗ ಕರೆಂಟು ಬದಲಾಗಲಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಹೊಲದ ಲೈನು, ಮನೆಯ ಲೈನು ಬೇರೆಯಾದ ಮೇಲೆ ನಿಜಕ್ಕೂ ಸುಧಾರಿಸಿತು. ಅಷ್ಟರಲ್ಲಿ ಇನ್ವರ್ಟರು, ಎಲ್ಇಡಿ ಬಲ್ಬು ಮನೆ ಹೊಕ್ಕವು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತವೂ ಹೋಯಿತು. ಬಡವರ ಮನೆಯಲ್ಲಿ ಈಗ ಬೆಳಕಿದೆ, 2023ರಿಂದ ಗೃಹಜ್ಯೋತಿಯಲ್ಲಿ ಬಿಲ್ಲೂ ಇಲ್ಲ. ಆ ಕಾಲವೇ ಚೆಂದ ಅನ್ನುವವರನ್ನು ಒಂದು ರಾತ್ರಿ ಆ ಹೊಗೆಯಲ್ಲಿ ಕೂರಿಸಬೇಕು.

ಆದರೂ ಹೊಟ್ಟೆ ಉರಿಯುತ್ತದೆ. ನನ್ನ ತಂಗಿಯ ಮಗ ಇನ್ವರ್ಟರ್ ಕೂರಿಸುವ ಕೆಲಸ ಮಾಡುತ್ತಾನೆ, ನನಗಿಂತ ಚೆನ್ನಾಗಿ ಗಳಿಸುತ್ತಾನೆ. ಏನೇ ಕೆಟ್ಟರೂ "ಕಾರ್ಡ್ ಹೋಗ್ಯಾದ, ಹೊಸಾದು ಹಾಕ್ಬೇಕು" ಅನ್ನುತ್ತಾನೆ. ಟ್ಯೂಬ್‌ಲೈಟು, ಸೀಮೆಸುಣ್ಣದ ಸಂಗತಿ ಹೇಳಿದರೆ ನಂಬಲಿಲ್ಲ. ತೋರಿಸೋಣವೆಂದರೆ ಮನೆಯಲ್ಲಿರುವುದೆಲ್ಲ ಎಲ್ಇಡಿ, ಟ್ಯೂಬ್‌ಲೈಟು ಒಂದೂ ಇಲ್ಲ. "ಆ ಕಾರ್ಡಿನಾಗ ಏನ್ ಕೆಟ್ಟದಂತ ಒಮ್ಮೆನಾ ತೆಗೆದು ನೋಡಿದ್ದೇನೊ?" ಅಂತ ಕೇಳಿದೆ.

"ತೆಗೆದ್ರ ವಾರಂಟಿ ಹೋಗ್ತದ ಮಾಮಾ" ಅಂದ.