ಬಿಸಿಲೇ ದೀಪವಾದ ಉತ್ಸವ

ನ್ಯೂಯಾರ್ಕಿನಲ್ಲಿ ಕಪ್ಪು ಜನರ ನೆಲೆಯೆಂದು ಹೆಸರಾದ ಹಾರ್ಲೆಮಿನಲ್ಲಿ ಬಂಡೆಗುಡ್ಡವನ್ನು ಒಡಲಲ್ಲಿಟ್ಟುಕೊಂಡ ಉದ್ಯಾನವೊಂದಿದೆ. ಇಂದು ಅದು ಮಾರ್ಕಸ್ ಗಾರ್ವಿ ಉದ್ಯಾನ. 1969ರಲ್ಲಿ ಮೌಂಟ್ ಮಾರಿಸ್ ಎನ್ನುತ್ತಿದ್ದರು. ಆ ಬೇಸಗೆಯ ಭಾನುವಾರಗಳಂದು ಅಲ್ಲಿ ಜಾಜ್ ಸಂಗೀತದ, ಇಗರ್ಜಿಯ ಭಜನೆಯಿಂದ ಕವಲೊಡೆದ ಸೋಲ್ ಸಂಗೀತದ ಉತ್ಸವ ನಡೆಯಿತು, ಪ್ರವೇಶ ಉಚಿತ.

ಚಿತ್ರೀಕರಿಸಲು ಬಂದ ಹಾಲ್ ಟುಲ್ಚಿನ್ ಅವರ ಬಳಿ ದೀಪಗಳಿಗೆ ಹಣವಿರಲಿಲ್ಲ. ವೇದಿಕೆಯನ್ನು ಪಶ್ಚಿಮಾಭಿಮುಖವಾಗಿ ಕಟ್ಟಿಸಿದರು; ಇಳಿಹೊತ್ತಿನ ಸೂರ್ಯನೇ ಗಾಯಕರ ಮುಖಕ್ಕೆ ಬೆಳಕಾದ. (ಬಾಡಿಗೆಯ ದೀಪಕ್ಕೆ ಆ ಹೊಂಬಣ್ಣ ಎಲ್ಲಿಂದ ಬರಬೇಕು!) ಜುಲೈ 20, ಮಾನವನು ಚಂದ್ರನ ಮೇಲಿಳಿದ ದಿನ. ಲೋಕದ ಕಣ್ಣೆಲ್ಲ ಆಕಾಶದತ್ತ; ಟುಲ್ಚಿನ್ನರ ಕ್ಯಾಮೆರಾಗಳು ಮಾತ್ರ ಹತ್ತೊಂಬತ್ತರ ಅಂಧ ಯುವಕ ಸ್ಟೀವಿ ವಂಡರ್ ಡ್ರಮ್ಮು ನುಡಿಸುವುದನ್ನೂ, ಕೇಳುತ್ತ ನಿಂತ ಸಾವಿರಾರು ಮುಖಗಳನ್ನೂ ಹಿಡಿದವು.

ಚಲನಚಿತ್ರಕ್ಕೆ ಹಣ ಹೂಡುವವರು ದೊರೆಯಲಿಲ್ಲ. ಸುಮಾರು 40 ಗಂಟೆಗಳ ಟೇಪು ನೆಲಮಾಳಿಗೆ ಸೇರಿತು. ‘ಸಮ್ಮರ್ ಆಫ್ ಸೋಲ್’ ಎಂಬ ಹೆಸರಿನಲ್ಲಿ ಅದು ತೆರೆಗೆ ಬಂದದ್ದು 2021ರಲ್ಲಿ. ಟುಲ್ಚಿನ್ 2017ರಲ್ಲಿಯೇ ತೀರಿಕೊಂಡಿದ್ದರು.